ಸರ್ಕಾರಿ ದೋಣಿಗೆ ಸ್ಟೇರಿಂಗ್ ಕೂಡಿಸಿದ್ದು

ಸರ್ಕಾರ ಬದಲಾದಾಗ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯದಿದ್ದರೆ ಸರ್ಕಾರ ಬದಲಾಗಿದೆ ಎಂದು ನಮ್ಮಂಥ ಅಹಲಕಾರ ಗುಮಾಸ್ತರಿಗೆ ತಿಳಿಯುವುದಾದರೂ ಹೇಗೆ? ಪೊಲೀಸ್ ಆಕ್ಷನ್ ಆಗಿ ನಿಜಾಮರ ಬಾವುಟ ಇಳಿದಿತ್ತು. ಬೀದರದ ದೊಡ್ಡ ಕಚೇರಿಯಲ್ಲಿ ಜಿಲ್ಲೆ ಆಳುತ್ತಿದ್ದ ಅವ್ವಲ ತಾಲೂಕದಾರರು ಹೋಗಿ ಕಲೆಕ್ಟರು ಬಂದಿದ್ದರು. ಕುರ್ಚಿ ಅದೇ, ಕುರ್ಚಿಯ ಮುರಿದ ಕೈಯೂ ಅದೇ. ನಾನು ಆಗ ತಾಮೀರಾತ್ ಖಾತೆಯಲ್ಲಿ, ಅಂದರೆ ರಸ್ತೆ, ಸೇತುವೆಗಳನ್ನು ಕಟ್ಟುವ ಖಾತೆಯಲ್ಲಿ, ಗುಮಾಸ್ತನಾಗಿದ್ದೆ. ಭಾಲ್ಕಿಯಿಂದ ಔರಾದಕ್ಕೆ ಹೋಗುವ ದಾರಿಯಲ್ಲಿ ಮಾಂಜ್ರಾ ನದಿಗೆ ನಮ್ಮ ಖಾತೆ ಇನ್ನೂ ಸೇತುವೆ ಕಟ್ಟಿರಲಿಲ್ಲ. ಆದ್ದರಿಂದ ಸಾಯಗಾಂವದ ಹತ್ತಿರ ನಮ್ಮದೊಂದು ದೋಣಿ ಇತ್ತು. ಅದರ ರಿಪೇರಿಯ ಉಸ್ತುವಾರಿ ನನ್ನ ಪಾಲಿಗೆ ಬಂತು. ನನಗೆ ಈಜು ಬರುವುದಿಲ್ಲ ಎಂಬುದೊಂದೇ ಆ ಕೆಲಸಕ್ಕೆ ನನಗಿದ್ದ ಅರ್ಹತೆ.

ಇಂಜಿನ್ ಬಂತು

ಆ ದೋಣಿ ಮೊದಲು ಜಾಗೀರದಾರರೊಬ್ಬರದು. ಬಾತುಕೋಳಿ ಹೊಡೆಯಲೆಂದು ಮಾಡಿಸಿಕೊಂಡದ್ದು. ಮುಂದೆ ಅವರ ಹಳೆಯ ಮೋಟಾರು ಕಾರಿನಿಂದ ಕಳಚಿದ ಸ್ಟೇರಿಂಗ್ ಚಕ್ರ, ಹಿಂದೆ ತೂಗುಹಾಕಿದ ಸಣ್ಣ ಇಂಜಿನ್, ಎರಡರ ನಡುವೆ ದೋಣಿಯ ಎರಡೂ ಪಕ್ಕದಲ್ಲಿ ಓಡುವ ಹಗ್ಗ. ಚಕ್ರ ತಿರುವಿದರೆ ಹಗ್ಗ ಎಳೆಯುತ್ತದೆ, ಇಂಜಿನ್ ಹೊರಳುತ್ತದೆ, ದೋಣಿ ತಿರುಗುತ್ತದೆ. ಜಾಗೀರುಗಳು ರದ್ದಾದಾಗ ದೋಣಿ ಸರ್ಕಾರಕ್ಕೆ ಬಂತು. ಇಂಜಿನ್ ಮಾತ್ರ ಜಾಗೀರದಾರರ ಜೊತೆ ಹೈದರಾಬಾದಿಗೆ ಹೋಯಿತು. ದೋಣಿಯೂ ಹೋಗುತ್ತಿತ್ತೋ ಏನೋ, ಕಾರಿನಲ್ಲಿ ಹಿಡಿಸಲಿಲ್ಲ.

ದೋಣಿಯ ಜೊತೆ ಅದರ ಡ್ರೈವರ್ ಕೂಡ ಸರ್ಕಾರಕ್ಕೆ ಬಂದರು. ಖಾಕಿ ಅಂಗಿ, ಖಾಕಿ ಟೋಪಿ, ಎಣ್ಣೆ ಹಚ್ಚಿದ ಮೀಸೆ. ಊರವರೆಲ್ಲ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಳೆಗಾಲದಲ್ಲಿ ಹೊಸ ಕಲೆಕ್ಟರ್ ಸಾಹೇಬರು ನದಿ ದಾಟಿ ಔರಾದಕ್ಕೆ ಹೋಗುವವರಿದ್ದರು. ಅವತ್ತು ದೋಣಿ ನೆಟ್ಟಗೆ ನಡೆದರೆ ಕಾಕಾ ಕಾಯಂ. ಇಲ್ಲದಿದ್ದರೆ ದೋಣಿ ಹರಾಜಿಗೆ, ಕಾಕಾ ಮನೆಗೆ. ಮನೆಗೆ ಎಂದರೆ ಬಗದಲದಲ್ಲಿದ್ದ ಹೆಂಡತಿಯ ಅಣ್ಣನ ಕಿರಾಣಿ ಅಂಗಡಿಗೆ. ಆ ಭಾವ ಪ್ರತಿ ದೀಪಾವಳಿಗೂ, "ಜಹಾಜು ಸಾಕಾದಾಗ ಬಾ ಮಾರಾಯಾ, ಬೆಲ್ಲಾ ತೂಗ್ಲಕ್ಕ ಒಬ್ಬ ಬೇಕಾಗ್ಯಾನ" ಎನ್ನುತ್ತಿದ್ದನಂತೆ. ಕಾಕಾಗೆ ಮಾಂಜ್ರಾದಲ್ಲಿ ಮುಳುಗುವ ಭಯ ಇರಲಿಲ್ಲ. ಬೆಲ್ಲದ ಭಯ ಇತ್ತು.

ಮಿಲಿಟರಿಯವರು ಬಿಟ್ಟುಹೋದ ಸಾಮಾನಿನಲ್ಲಿ ಒಂದು ದೊಡ್ಡ ಇಂಜಿನ್ ಸಿಕ್ಕಿತು. ಅದನ್ನು ತೂಗುಹಾಕಿದೊಡನೆ ದೋಣಿಯ ಹಿಂಭಾಗ ನೀರಿಗೆ ಕುಸಿದು, ಮೂತಿ ಬಡ್ತಿ ಸಿಕ್ಕ ಅಧಿಕಾರಿಯಂತೆ ಆಕಾಶ ನೋಡತೊಡಗಿತು. ಸವೆದ ಹಗ್ಗ, ಸವೆದ ಚಕ್ರ ಸಣ್ಣ ಇಂಜಿನ್ನಿಗೆ ಹೇಗೋ ಸಾಕಾಗಿದ್ದವು, ಇದಕ್ಕೆ ಸಾಲಲಿಲ್ಲ. ಏನು ತೊಂದರೆ ಎಂದು ಕಾಕಾರನ್ನು ಕೇಳಿದೆ.

"ಅಹಲಕಾರ ಸಾಹೇಬ್ರ, ಚಕ್ರಾ ಒಂದು ಸುತ್ತು ಪೂರಾ ತಿರವಿದ ಮ್ಯಾಲ ಹಿಂದ ಇಂಜಿನ್ನಿಗಿ ಸುದ್ದಿ ಮುಟ್ಟತದ್ರಿ."

"ಮುಟ್ಟಿದ ಮ್ಯಾಲ?"

"ಆಮ್ಯಾಲ ಅದು ವಿಚಾರ ಮಾಡ್ತದ್ರಿ."

ದೋಣಿ ನಮ್ಮ ಖಾತೆಗೇ ಸೇರಿದ್ದು ಎಂಬುದರಲ್ಲಿ ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ನೀರು ತಾಗಬಾರದ ದೋಣಿ

ಹೊಸ ಹಗ್ಗಕ್ಕಾಗಿ ಹೈದರಾಬಾದಿಗೆ ಬರೆದೆವು. ಬೀದರ ಜಿಲ್ಲೆಯಲ್ಲಿ ನದಿ ಇದೆಯೇ ಎಂದು ಅವರು ಕೇಳಿದರು. ಇದೆ ಎಂದು ಬರೆದೆವು. ಅದಾದ ಮೇಲೆ ಅವರು ಏನನ್ನೂ ಕೇಳಲಿಲ್ಲ.

ಕೊನೆಗೆ ನಮ್ಮ ಓವರ್‌ಸಿಯರ್ ಸಾಹೇಬರೇ ದಾರಿ ಹುಡುಕಿದರು. ಅವರ ಸರ್ವಿಸೆಲ್ಲ ಬಾವಿ ತೋಡಿಸುವುದರಲ್ಲೇ ಕಳೆದಿತ್ತು. ನೀರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ಬಾವಿಯೊಳಗೆ ಬಗ್ಗಿ ನೋಡಿ ಕಲಿತದ್ದು.

"ಎತ್ತು ಹೂಡಿ ಬಾವಿ ನೀರು ಜಗ್ಗತಾರಲ್ಲ, ಆ ಚರ್ಮದ ಹಗ್ಗಾ ತರಸ್ರಿ. ಎರಡು ಎತ್ತಿನ ಜಗ್ಗಾಟಾ ತಡಿಯೋ ಹಗ್ಗಕ್ಕ ಈ ಇಂಜಿನ್ ಯಾವ ಗಿಡದ ತಪ್ಪಲಾ?"

ಮನ್ನಳ್ಳಿಯಿಂದ ಚರ್ಮದ ಹಗ್ಗ ಬಂತು. ಬಾವಿಯ ಗಡಗಡಿಗಳೂ, ಅಂದರೆ ರಾಟೆಗಳೂ, ಜೊತೆಗೇ ಬಂದವು. ಎಲ್ಲವನ್ನೂ ಕೂಡಿಸಿ, ರಿಪೇರಿಗೆಂದು ಬಂಡಿಯ ಮೇಲೆ ಏರಿಸಿದ್ದ ದೋಣಿಯನ್ನು ನೀರಿಗಿಳಿಸುವ ಮೊದಲೇ ಪರೀಕ್ಷೆ ಮಾಡಿದೆವು. ಚಕ್ರ ತಿರುವಿದರೆ ಇಂಜಿನ್ ಕೂಡಲೇ ಹೊರಳಿತು. ಭಾಲ್ಕಿಯ ತಹಸೀಲ್ದಾರರು ಬಂದು ತೆಂಗಿನಕಾಯಿ ಒಡೆದು, ನೆಲದ ಮೇಲೆ ಇಷ್ಟು ಚೆನ್ನಾಗಿ ನಡೆಯುವ ದೋಣಿಯನ್ನು ತಾವು ಎಲ್ಲೂ ಕಂಡಿಲ್ಲ ಎಂದರು.

ದೋಣಿ ನೀರಿಗಿಳಿಯಿತು. ತಳದಲ್ಲಿ ನೀರು ಸೇರಿತು, ಚರ್ಮ ನೆನೆಯಿತು, ನೆನೆದ ಚರ್ಮ ಹಿಗ್ಗಿತು. ಹಗ್ಗ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿತ್ತು. ಕಾಕಾ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುವಿದರು. ದೋಣಿ ಮಾತ್ರ ತಾನು ಮೊದಲು ನೋಡಿದ ಕಡೆಗೇ, ಅಂದರೆ ಹೆಂಗಸರು ಬಟ್ಟೆ ಒಗೆಯುವ ಬಂಡೆಗಳ ಕಡೆಗೇ, ಹೊರಟಿತು.

ದಂಡೆಯಲ್ಲಿ ಅಂಬಿಗನೊಬ್ಬ ಬೀಡಿ ಸೇದುತ್ತ ಕೂತಿದ್ದ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕಸುಬು. ನಮ್ಮ ದೋಣಿ ಕೆಟ್ಟಷ್ಟೂ ಅವನ ಧಂದೆ ಬೆಳೆಯುತ್ತಿತ್ತು. "ಕಾಕಾ, ದೋಣಿ ನಡಸ್ಲತ್ತೀರೋ, ಗಾಣಾ ತಿರವ್ಲತ್ತೀರೋ?" ಎಂದು ಕೂಗಿದ.

ಹೆಂಗಸರು ದಂಡೆ ಹತ್ತಿದರು. ದೋಣಿ ಬಂಡೆಗೆ ಬಡಿದು ನಿಂತಿತು. ಒಬ್ಬಾಕೆ ಕೈ ಸೊಂಟಕ್ಕಿಟ್ಟು, "ಏ ಸರಕಾರದವ್ರ, ನನ್ನ ಸೀರಿ ಮ್ಯಾಲಿಂದ ನಿಮ್ಮ ಜಹಾಜು ತಗೀರಿ!" ಎಂದಳು.

ಎಳೆದು ದಂಡೆಗೆ ಹಾಕಿದೆವು. ಬಿಸಿಲು ಬಿತ್ತು. ಒಣಗಿದ ಚರ್ಮ ಬಿಗಿದು, ಬಿಗಿದು, ಸ್ಟೇರಿಂಗ್ ಚಕ್ರವನ್ನು ಹಲಗೆ ಸಮೇತ ಕಿತ್ತು ದೋಣಿಯ ಹಿಂಭಾಗಕ್ಕೆ ಒಯ್ದು ಇಟ್ಟಿತು. ಓವರ್‌ಸಿಯರ್ ಸಾಹೇಬರು ಬಹಳ ಹೊತ್ತು ಯೋಚಿಸಿ ಹುಕುಂ ಕೊಟ್ಟರು: "ಹಗ್ಗದ್ದೇನೂ ಕಸರಿಲ್ಲ. ಇನ್ನು ಮುಂದ ಅದಕ್ಕ ನೀರು ತಾಕಲಾರದಂಗ ದೋಣಿ ನಡಸ್ರಿ."

ಕಾಕಾ ಟೋಪಿ ತೆಗೆದು ವಿನಯದಿಂದ ಕೇಳಿದರು: "ಆಗ್ಲಿರಿ. ಯಾವ ರಸ್ತಾದಾಗ ನಡಸ್ಲಿರಿ?"

ಬೀದರದ ಮಿಸ್ತ್ರಿ

ಬೀದರ ಶಹರದಿಂದ ಲಾರಿ ಮಿಸ್ತ್ರಿಯೊಬ್ಬನನ್ನು ಕರೆಸಿದೆವು. ಅವನು ತಂತಿಯ ಹಗ್ಗ, ಕಬ್ಬಿಣದ ಗಡಗಡಿ, ತಿರುಗುವಾಗ ಸದ್ದೇ ಮಾಡದ ಒಂದು ಹೊಸ ಚಕ್ರ ಎಲ್ಲ ತಂದಿದ್ದ. ದೋಣಿಯೊಳಗೆ ಕಾಲಿಡುವ ಮೊದಲೇ ಎಲ್ಲ ಮಿಸ್ತ್ರಿಗಳೂ ಕೇಳುವ ಪ್ರಶ್ನೆಯನ್ನು ಕೇಳಿದ: "ಯಾವ ಅಡ್ನಾಡಿ ಮಾಡ್ಯಾನ್ರಿ ಇದು?"

ಮಾಡಿದವರು ಹೈದರಾಬಾದಿಗೆ ಹೋಗಿದ್ದರು. ಮಿಸ್ತ್ರಿ ದೋಣಿಯಲ್ಲಿ ಮಲಗಿ, ಎದ್ದು, ಮತ್ತೆ ಮಲಗಿ, ಆಮೇಲೆ ನಗತೊಡಗಿದ.

"ಸಾಹೇಬ್ರ, ಇದರಾಗ ಮೊದಲಿಂದನೂ ಹಗ್ಗಾ ಅದಲಬದಲ ಕೂಡಿಸ್ಯಾರ. ಎಡಗಡಿದು ಬಲಕ್ಕ, ಬಲಗಡಿದು ಎಡಕ್ಕ. ಚಕ್ರಾ ಬಲಕ್ಕ ತಿರವಿದ್ರ ದೋಣಿ ಎಡಕ್ಕ ಹೋಗ್ತದ. ಇಷ್ಟು ವರ್ಷಾ ಯಾರಿಗೂ ತಿಳೀಲಿಲ್ಲೇನ್ರಿ?"

ಕಾಕಾಗೆ ಸಿಟ್ಟು ಬಂತು. "ತಿಳಿಯೋದೇನದ ಅದರಾಗ? ನೆಲದ ಮ್ಯಾಲ ಸೀದಾ, ನೀರಾಗ ಉಲ್ಟಾ. ನೀರಿನ ಕಾನೂನೇ ಹಂಗ."

"ಯಾವ ಊರಿನ ಕಾನೂನು ಕಾಕಾ ಇದು?"

"ದಂಡಿ ಮ್ಯಾಲಿನ ಬೇವಿನ ಗಿಡಾ ನೀರಾಗ ನೋಡು. ತೆಲಿ ಕೆಳಗ ಅದ ಇಲ್ಲೋ? ಅಷ್ಟು ದೊಡ್ಡ ಗಿಡಾನೇ ಉಲ್ಟಾ ಆದ ಮ್ಯಾಲ ಈ ಚಕ್ರಾ ಯಾವ ಲೆಕ್ಕ?"

ಮಿಸ್ತ್ರಿಯ ಚೀಲದಲ್ಲಿ ನಟ್ಟು ಬಿಚ್ಚುವ ಬಗೆಬಗೆಯ ಪಾನಾಗಳಿದ್ದವು. ಇದಕ್ಕೆ ಹೊಂದುವ ಪಾನಾ ಇರಲಿಲ್ಲ. ಅವನು ಸುಮ್ಮನೆ ಹಗ್ಗಗಳನ್ನು ಸರಿಯಾಗಿ ಕೂಡಿಸಿ, ಬಲಕ್ಕೆ ಬಲ, ಎಡಕ್ಕೆ ಎಡ ಮಾಡಿಕೊಟ್ಟು ಬೀದರಕ್ಕೆ ಹೋದ.

ಮರುದಿನ ಕಾಕಾ ದೋಣಿ ಬಿಟ್ಟರು. ಎಡಗಡೆಯಿಂದ ಅಂಬಿಗನ ಹರಿಗೋಲು ಬರುತ್ತಿತ್ತು. ತಪ್ಪಿಸಿಕೊಳ್ಳಲು ಕಾಕಾ ಬಲಕ್ಕೆ ಹೋಗಬೇಕಿತ್ತು. ಬಲಕ್ಕೆ ಹೋಗಬೇಕಾದ್ದರಿಂದ ತಮ್ಮ ಹಳೆಯ ಅಭ್ಯಾಸದಂತೆ ಚಕ್ರವನ್ನು ಎಡಕ್ಕೆ ತಿರುವಿದರು. ಹೊಸ ಸ್ಟೇರಿಂಗು ಬಹಳ ವಿಧೇಯವಾಗಿತ್ತು. ದೋಣಿ ನೇರ ಹರಿಗೋಲಿನ ಹೊಟ್ಟೆಗೇ ಹೋಯಿತು.

ಎದೆಮಟ್ಟ ನೀರಿನಲ್ಲಿ ನಿಂತು, ಒದ್ದೆ ಬೀಡಿಯನ್ನು ಬಾಯಿಂದ ತೆಗೆದು ಅಂಬಿಗ ಹೇಳಿದ: "ಕಾಕಾ, ಮೊದಲ ಈ ದೋಣಿ ನೀವು ಹೇಳಿದ್ದು ಕೇಳ್ತಿದ್ದಿಲ್ಲ. ಆವಾಗ ನಾವು ಸುಖದಾಗ ಇದ್ವಿ."

ಬಂಡಿಗಾಲಿಯ ಸಾಲೆ

ವಿವಾದ ತಹಸೀಲ್ದಾರರ ಮುಂದೆ ಹೋಯಿತು. ಅವರು ನಿಜಾಮರ ಕಾಲದಲ್ಲೂ ತಹಸೀಲ್ದಾರರಾಗಿದ್ದವರು, ಈಗಲೂ ತಹಸೀಲ್ದಾರರಾಗಿ ಉಳಿದವರು. ಯಾವ ಕಡೆ ತಿರುಗಬೇಕು ಎಂಬ ವಿಷಯದಲ್ಲಿ ಅವರಷ್ಟು ಅನುಭವಸ್ಥರು ಜಿಲ್ಲೆಯಲ್ಲಿರಲಿಲ್ಲ.

"ಹೊಸ ರಾಜ್ಯ ಬಂದದ ಕಾಕಾ. ಎಲ್ಲಾರೂ ಕಲೀಲತ್ತಾರ. ನೀವೂ ಕಲೀರಿ" ಎಂದರು.

ಕಾಕಾ ಕಲಿಯಲು ಕೂತರು. ಮನೆಯ ಅಂಗಳದಲ್ಲಿ ಮುರಿದ ಬಂಡಿಯ ಗಾಲಿಯೊಂದನ್ನು ಗೂಟಕ್ಕೆ ಸಿಕ್ಕಿಸಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುವುದು, ಹೆಂಡತಿ ಜೋಳ ಹಸನು ಮಾಡುತ್ತ ಕೂಗುವುದು.

"ಬಲಕ್ಕ ಕಲ್ಲದ ನೋಡ್ರಿ!"

ಕಾಕಾ ಗಾಲಿ ತಿರುವುತ್ತಿದ್ದರು.

"ಹೊಡದ್ರಿ! ಕಲ್ಲಿಗೇ ಹೊಡದ್ರಿ!"

"ಜರಾ ಮೊದಲ ಹೇಳ್ಬಾರದೇನು?"

"ಕಲ್ಲು ಏನ್ ಹೇಳಿ ಬರ್ತದ್ರಿ?"

ಅಭ್ಯಾಸ ತಲೆಗೇರಿತು. ಕಾಕಾ ಏನೇ ಮಾಡುವ ಮೊದಲು ಒಂದು ಕ್ಷಣ ನಿಂತು, ತಮಗೆ ತೋಚಿದ್ದಕ್ಕೆ ವಿರುದ್ಧವಾದುದನ್ನು ಮಾಡತೊಡಗಿದರು. ಎಡಗೈಯಿಂದ ರೊಟ್ಟಿ ಮುರಿದರು. ಬಲಗಾಲಿನ ಮೆಟ್ಟನ್ನು ಎಡಗಾಲಿಗೆ ಹಾಕಿಕೊಂಡು ಭಾಲ್ಕಿ ಸಂತೆಗೆ ಹೋಗಿಬಂದರು. ಇಷ್ಟನ್ನೂ ಹೆಂಡತಿ ಸಹಿಸಿಕೊಂಡಳು. ಆದರೆ ಒಂದು ಬೆಳಗ್ಗೆ ಪೂಜೆಗೆ ಕೂತಾಗ ಎಡ ಅಂಗೈಯಲ್ಲಿ ಹಿಡಿಯಬೇಕಾದ ಇಷ್ಟಲಿಂಗವನ್ನು ಬಲ ಅಂಗೈಯಲ್ಲಿ ಹಿಡಿದು, ಎಡಗೈಯಿಂದ ಪತ್ರಿ ಏರಿಸಲು ಹೋದರು. ಆಕೆ ಸೆರಗು ಬಿಗಿದು ನೇರ ತಹಸೀಲ್ದಾರರ ಕಚೇರಿಗೇ ಬಂದಳು.

"ಸಾಹೇಬ್ರ, ಶರಣಾರ್ಥಿ. ನಿಮ್ಮ ನೌಕರಿ ಸಿಕ್ಕರ ಸಿಗ್ಲಿ, ಇಲ್ಲಾಂದ್ರ ನಮ್ಮಣ್ಣನ ಬೆಲ್ಲಾ ತೂಗ್ಲಿ. ಬಸವಣ್ಣನ ಮುಂದ ಎಡ-ಬಲಾ ಮರತು ಕುಂತ ಗಂಡನ್ನ ಇಟಗೊಂಡು ನಾ ಬಾಳೇ ಮಾಡಂಗಿಲ್ಲ."

ತಹಸೀಲ್ದಾರರು ಕನ್ನಡಕ ತೆಗೆದು ಒರೆಸಿದರು. ಧರ್ಮದ ವಿಷಯದಲ್ಲಿ ಹೊಸ ಸರ್ಕಾರ ಕೈಹಾಕಬಾರದು ಎಂದು ಎಲ್ಲೋ ಕೇಳಿದ್ದರು. ಮಿಸ್ತ್ರಿಯನ್ನು ಮತ್ತೆ ಕರೆಸಿ, ಹಗ್ಗಗಳನ್ನು ಹಿಂದಿನಂತೆಯೇ ಉಲ್ಟಾ ಕೂಡಿಸಲು ಹೇಳಿದರು.

"ಸಾಹೇಬ್ರ, ಹಾಳಾದದ್ದು ರಿಪೇರಿ ಮಾಡೀನಿ. ರಿಪೇರಿ ಮಾಡಿದ್ದನ್ನ ಹಾಳು ಮಾಡೋದು ಇದೇ ಪಹಿಲಾ" ಎಂದ ಮಿಸ್ತ್ರಿ.

"ಹೌದೇನು? ಹಂಗಾದ್ರ ಜರಾ ಮಜಬೂತ ಹಾಳು ಮಾಡು. ಸರಕಾರಿ ಕೆಲಸಾ ಅದ."

ಔರಾದ ಪ್ರವಾಸ

ಕಲೆಕ್ಟರ್ ಸಾಹೇಬರು ಬಂದ ದಿನ ಜಿಟಿಜಿಟಿ ಮಳೆ. ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆಂದು ಸೂರ್ಯನಿಗೂ ಗೊತ್ತಿರಲಿಲ್ಲ. ಸಾಹೇಬರು ದಕ್ಷಿಣದ ಕಡೆಯವರು. ಅವರ ಕನ್ನಡ ಪುಸ್ತಕದಿಂದ ಎದ್ದು, ಕೂದಲು ಬಾಚಿಕೊಂಡು ಬಂದಂತಿತ್ತು. ಆಚೆ ದಡದಲ್ಲಿ ಔರಾದದ ತಹಸೀಲ್ದಾರರು ಹಾರ, ಹಲಗೆ, ಸನಾದಿ ವಾದ್ಯದವರೊಡನೆ ಕಾಯುತ್ತಿದ್ದರು. ದೋಣಿಯಲ್ಲಿ ಸಾಹೇಬರು, ಭಾಲ್ಕಿಯ ತಹಸೀಲ್ದಾರರು, ನಾನು, ಚಕ್ರದ ಮುಂದೆ ಕಾಕಾ. ದಂಡೆಯ ಮೇಲೆ ಕಾಕಾರ ಹೆಂಡತಿ ಕೈಮುಗಿದು ನಿಂತಿದ್ದಳು.

ಉಲ್ಟಾ ಸ್ಟೇರಿಂಗಿನಲ್ಲಿ ಕಾಕಾ ದೋಣಿಯನ್ನು ಹೂವಿನಂತೆ ನಡೆಸಿದರು. ನಡುನೀರಿಗೆ ಬಂದೆವು. ಇನ್ನು ಸ್ವಲ್ಪ ಹೊತ್ತು ಹೀಗೇ ಹೋದರೆ ನೌಕರಿ ಕಾಯಂ. ಅಷ್ಟರಲ್ಲಿ ಸಾಹೇಬರು ಎದ್ದು ನಿಂತರು.

"ನಾನು ಕಾಲೇಜಿನ ದಿನಗಳಲ್ಲಿ ಸಮುದ್ರದಲ್ಲಿಯೇ ದೋಣಿ ನಡೆಸಿದ್ದೇನೆ. ಎಲ್ಲಿ, ಚಕ್ರವನ್ನು ಇತ್ತ ಕೊಡಿ."

ಕಾಕಾರ ಮುಖ ಬೆಲ್ಲದ ಬಣ್ಣಕ್ಕೆ ಬಂತು. "ಸಾಹೇಬ್ರ, ಒಂದು ಮಾತು ಅದರಿ…" ಎನ್ನುವಷ್ಟರಲ್ಲಿ ತಹಸೀಲ್ದಾರರು ಅವರ ಕಾಲು ತುಳಿದರು. ಸರ್ಕಾರಿ ದೋಣಿಯನ್ನು ಹುಕುಂ ಕೊಟ್ಟು ಹಾಳು ಮಾಡಿಸಿದವರು ಯಾರು ಎಂಬ ಪ್ರಶ್ನೆ ನಡುನೀರಿನಲ್ಲಿ ಏಳುವುದು ಅವರಿಗೆ ಬೇಕಿರಲಿಲ್ಲ.

ಸಾಹೇಬರು ಚಕ್ರ ಹಿಡಿದರು. ಪ್ರವಾಹ ದೋಣಿಯನ್ನು ಬಲಕ್ಕೆ ತಳ್ಳುತ್ತಿತ್ತು. ಅವರು ಎಡಕ್ಕೆ ತಿರುವಿದರು. ದೋಣಿ ಇನ್ನೂ ಬಲಕ್ಕೆ ಹೋಯಿತು. ಅವರು ಇನ್ನೂ ಎಡಕ್ಕೆ ತಿರುವಿದರು. ದೋಣಿ ಔರಾದಕ್ಕೆ ಬೆನ್ನು ಮಾಡಿತು.

"ಪ್ರವಾಹ ಬಹಳ ಬಲವಾಗಿದೆ" ಎಂದರು ಸಾಹೇಬರು, ಹಲ್ಲು ಕಚ್ಚಿ.

"ಭಾಳ ಅದರಿ. ತಮ್ಮ ಕೈ ಅಂತ ತಡೀತು" ಎಂದರು ತಹಸೀಲ್ದಾರರು.

ಸಾಹೇಬರು ನಡುಗಡ್ಡೆಯೊಂದನ್ನು ಪೂರ್ತಿ ಸುತ್ತಿ, ಎರಡು ಎಮ್ಮೆಗಳನ್ನು ದಡ ಹತ್ತಿಸಿ, ಕೊನೆಗೆ ದೋಣಿಯನ್ನು ಕೆಸರಿಗೆ ಏರಿಸಿದರು. ಅದು ನಾವು ಹೊರಟ ಕಡೆಯ ದಡವೇ. ನದಿಯ ತಿರುವಿನಾಚೆ, ಭಾಲ್ಕಿ ತಾಲೂಕಿನದೇ ಇನ್ನೊಂದು ಹಳ್ಳಿ. ಸಾಹೇಬರು ಬೆವರು ಒರೆಸಿಕೊಂಡು, ವಿಜಯದ ನಗೆ ನಕ್ಕರು.

"ಅಂತೂ ಔರಾದಿಗೆ ಬಂದೆವು!"

ಕಾಕಾ ನನ್ನನ್ನು ನೋಡಿದರು. ನಾನು ಎಮ್ಮೆಗಳನ್ನು ನೋಡಿದೆ. ತಹಸೀಲ್ದಾರರು ಕೈ ಮುಗಿದು, "ಬಂದ್ವಿರಿ ಸಾಹೇಬ್ರ. ಔರಾದಕ್ಕ ಸುಸ್ವಾಗತ" ಎಂದುಬಿಟ್ಟರು.

ಆ ಹಳ್ಳಿಯ ಪಾಟೀಲರು ಕೊಡೆ ಹಿಡಿದು ಓಡಿಬಂದರು. ತಹಸೀಲ್ದಾರರು ಅವರನ್ನು ಪಕ್ಕಕ್ಕೆ ಕರೆದು, "ಪಾಟೀಲರೆ, ಇವತ್ತ ನಿಮ್ಮ ಊರು ಔರಾದ ತಾಲೂಕಿನಾಗ ಅದ. ತಿಳೀತೇನು?" ಎಂದರು.

ಪಾಟೀಲರು ಬೆಚ್ಚಲಿಲ್ಲ. "ಆಗ್ಲಿರಿ. ಮೊನ್ನಿ ದೇಶಾನೇ ಬದಲಾಯ್ತು, ತಾಲೂಕಾ ಏನ್ ದೊಡ್ಡದು? ಎಷ್ಟೊತ್ತಿನ ತನಕ್ರಿ?"

"ಸಾಹೇಬ್ರು ಚಹಾ ಕುಡಿಯೋ ತನಕ."

ಸಾಹೇಬರು ಸಾಲೆ ನೋಡಿದರು, ಬಾವಿ ನೋಡಿದರು. "ಭಾಲ್ಕಿಗಿಂತ ಔರಾದು ಎಷ್ಟೋ ಮೇಲು. ಇಲ್ಲಿಯ ತಹಸೀಲ್ದಾರರು ದಕ್ಷರೆಂದು ಕಾಣುತ್ತದೆ" ಎಂದರು. ಭಾಲ್ಕಿಯ ತಹಸೀಲ್ದಾರರು ತಮ್ಮ ಹಳ್ಳಿಗೆ ಬಂದ ಹೊಗಳಿಕೆ ಪಕ್ಕದ ತಾಲೂಕಿಗೆ ಹೋಗುವುದನ್ನು ನಿಂತು ನೋಡಿ, "ಹೌದ್ರಿ" ಎಂದರು.

ಅಷ್ಟರಲ್ಲಿ ಮಳೆಯ ನಡುವೆ, ನದಿಯಾಚೆಯಿಂದ ಹಲಗೆ, ಸನಾದಿ ಕೇಳಿಸಿತು. ನಿಜವಾದ ಔರಾದದವರು ಬೇಸರ ಕಳೆಯಲು ಬಾರಿಸತೊಡಗಿದ್ದರು.

"ಅದೇನು ಭಾಲ್ಕಿಯ ದಡದಲ್ಲಿ ವಾದ್ಯ?"

"ಮದುವಿರಿ."

"ಈ ಮಳೆಯಲ್ಲಿ?"

"ಭಾಲ್ಕಿ ಮಂದಿರಿ ಸಾಹೇಬ್ರ. ಅವ್ರಿಗಿ ಹೊತ್ತಿಲ್ಲ, ಗೊತ್ತಿಲ್ಲ."

ಹೊರಡುವಾಗ ಸಾಹೇಬರು ಕಟ್ಟೆಯ ಮೇಲಿದ್ದ ಮುದುಕನೊಬ್ಬನನ್ನು ಮಾತಾಡಿಸಿದರು. "ಅಜ್ಜ, ಇಂಥ ಪ್ರವಾಹದಲ್ಲಿ ಭಾಲ್ಕಿಗೆ ಹೇಗೆ ಹೋಗುತ್ತೀರಿ?"

"ಪ್ರವಾಹಕ್ಕೇನ್ರಿ? ಬಂಡಿ ಹೂಡ್ತೇವಿ, ಹೋಗ್ತೇವಿ."

ತುಂಬಿದ ಮಾಂಜ್ರಾವನ್ನು ಎತ್ತಿನ ಬಂಡಿಯಲ್ಲಿ ದಾಟುವ ಜನ! ಇಂಥ ಧೀರರನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಸಾಹೇಬರು ಮುದುಕನ ಬೆನ್ನು ತಟ್ಟಿದರು. ಬಂಡಿ ಹೂಡುವುದಕ್ಕೆ ಇಷ್ಟು ಮರ್ಯಾದೆ ಇದೆಯೆಂದು ಮುದುಕನಿಗೆ ಗೊತ್ತಿರಲಿಲ್ಲ. ಅವನು ಪಾಟೀಲರ ಮುಖ ನೋಡಿದ. ಪಾಟೀಲರು ಆಕಾಶ ನೋಡಿದರು.

ಇನ್ನು ಹಿಂದಿರುಗಬೇಕು. ನಾವು ಭಾಲ್ಕಿಯಿಂದ ಭಾಲ್ಕಿಗೆ ಹೋಗಲು ಮತ್ತೆ ನದಿಗಿಳಿದೆವು. ಸಾಹೇಬರಿಗೆ ತೋಳು ನೋಯುತ್ತಿದ್ದರಿಂದ ಚಕ್ರ ಕಾಕಾರ ಕೈಗೆ ಬಂತು. ಕಾಕಾ ನಡುಗಡ್ಡೆಗೆ ಗೌರವದಿಂದ ಒಂದು ಸುತ್ತು ಹಾಕಿಸಿ, ಒಂದು ಹನಿ ನೀರೂ ಒಳಗೆ ಬಾರದಂತೆ, ಹೊರಟ ಜಾಗಕ್ಕೇ ತಂದು ನಿಲ್ಲಿಸಿದರು. ಸಾಹೇಬರು ಇಳಿದು, ತಹಸೀಲ್ದಾರರ ಎದುರಿಗೇ ಹೇಳಿದರು:

"ನನ್ನ ಕೈಯಲ್ಲಿ ದೋಣಿ ಎಷ್ಟೊಂದು ಹೊಯ್ದಾಡಿತು! ಈತನ ಕೈಯಲ್ಲಿ ನದಿ ದಾಟಿದ್ದೇ ತಿಳಿಯಲಿಲ್ಲ. ಇಂಥವರನ್ನು ಇನ್ನೂ ಕಾಯಂ ಮಾಡದೆ ಇಟ್ಟಿದ್ದೀರಾ? ಇಂದೇ ಮಾಡಿ."

ಅವರ ಜೀಪು ಹೋಗುವ ತನಕ ಕಾಕಾ ಸಲಾಮು ಹಿಡಿದೇ ನಿಂತಿದ್ದರು. ಮಳೆಯಲ್ಲಿ ನೆನೆದು ಮುದ್ದೆಯಾಗಿದ್ದ ಹೆಂಡತಿ ಓಡಿಬಂದಳು.

"ಏನಾಯ್ತುರಿ?"

"ಕಾಯಂ ಆಯ್ತು."

"ಬಸವಣ್ಣಾ! ಹಂಗಾದ್ರ ಸಾಹೇಬ್ರನ್ನ ಔರಾದಕ್ಕ ಬರೋಬ್ಬರಿ ಮುಟ್ಟಿಸಿದ್ರೇನ್ರಿ?"

ಕಾಕಾ ಸುತ್ತ ನೋಡಿ, ದನಿ ತಗ್ಗಿಸಿದರು.

"ಏ ಹುಚ್ಚಿ, ಮುಟ್ಟಿಸಿದ್ರ ಕಾಯಂ ಆಗ್ತಿತ್ತೇನು?"